ಬೀರುವಿನೊಳಗಿನ ಗಿಡ

ನಾಲ್ಕನೇ ತರಗತಿಯ ಟೀಚರಮ್ಮನ ದೆಸೆಯಿಂದ ಆಕೆಯ ಮನೆಯಲ್ಲಿ ಲೋಟ, ಜರಡಿ, ಮುಚ್ಚಳ ಯಾವುದಕ್ಕೂ ಉಳಿಗಾಲವಿರಲಿಲ್ಲ. ಎಲ್ಲವೂ ವಿಜ್ಞಾನ ಪಾಠಕ್ಕೆಂದು ಚೀಲ ಸೇರುತ್ತಿದ್ದವು. "ಶಾಲೆ ಅವರದು, ಸಾಮಾನು ನಮ್ಮದು" ಎಂದು ಗೊಣಗುತ್ತಲೇ ಅತ್ತೆ ಈ ಸಲ ಒಂದು ಹಿಡಿ ಹೆಸರುಕಾಳು ಕಟ್ಟಿಕೊಟ್ಟಿದ್ದರು.

ಮಕ್ಕಳು ಅದನ್ನು ಎರಡು ಕುಂಡಗಳಲ್ಲಿ ಬಿತ್ತಿದರು. ಒಂದು ಕಿಟಕಿಯ ಬಳಿ, ಇನ್ನೊಂದು ಬೀರುವಿನ ಕತ್ತಲೆಯಲ್ಲಿ. ಎರಡಕ್ಕೂ 'ಬೆಳಕು', 'ಕತ್ತಲೆ' ಎಂದು ಚೀಟಿ ಅಂಟಿಸಿದರು. "ಬೀರು ಒಳಗಿಂದು ಸತ್ತೇ ಹೋಗುತ್ತೆ" ಎಂದು ಇಡೀ ತರಗತಿ ತೀರ್ಪು ಕೊಟ್ಟಿತು. ಟೀಚರಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೀಗೆ ಉತ್ತರ ಹೇಳದೆ ಆಟವಾಡಿಸುವುದನ್ನು ಕಂಡರೆ ಹೆಡ್ ಮಾಸ್ತರರಿಗೆ ಮೈಯೆಲ್ಲ ಉರಿ.

"ಇನ್‌ಸ್ಪೆಕ್ಟರ್ ಬರ್ತಿದಾರೆ. ಮಕ್ಕಳು ತಪ್ಪು ಹೇಳಿದ್ರೆ ವಿಜ್ಞಾನ ಬೇರೆಯವರಿಗೆ ಕೊಡ್ತೀನಿ. ನೀವು ಕಾಪಿ ಬರೆಸ್ಕೊಂಡಿರಿ" ಎಂದುಬಿಟ್ಟರು.

ವಿಜ್ಞಾನವಿಲ್ಲದೆ ಆ ಶಾಲೆಯಲ್ಲಿ ಟೀಚರಮ್ಮನಿಗೇನು ಕೆಲಸ?

ತಪಾಸಣೆಯ ದಿನ ಎರಡೂ ಕುಂಡ ಮೇಜಿನ ಮೇಲಿದ್ದವು. ಹೆಡ್ ಮಾಸ್ತರರು ಬಾಗಿಲಲ್ಲೇ ಟೀಚರಮ್ಮನ ಕಿವಿಯ ಹತ್ತಿರ ಬಾಗಿ, "ನಿಮ್ಮ ಕುಂಡದ ಚೀಟಿಗಳು ಉಲ್ಟಾ ಆಗಿದ್ವು. ಕತ್ತಲೆ ಗಿಡ ಉದ್ದ ಅಂತೆ! ಸರಿ ಮಾಡಿ ಅಂಟಿಸಿದೀನಿ" ಎಂದರು. ಉಪಕಾರ ಮಾಡಿದ ಹೆಮ್ಮೆ ಬೇರೆ, ಪುಣ್ಯಾತ್ಮರಿಗೆ. ಟೀಚರಮ್ಮ ಬಾಯಿ ತೆರೆಯುವಷ್ಟರಲ್ಲಿ ಇನ್‌ಸ್ಪೆಕ್ಟರ್ ಉದ್ದ ಗಿಡದ ಕುಂಡ ಎತ್ತಿಯಾಗಿತ್ತು.

"ಅಂದ್ರೆ ಬೆಳಕಲ್ಲಿದ್ದ ಗಿಡವೇ ಉದ್ದ ಬೆಳೀತು. ಅಲ್ವಾ ಮಕ್ಕಳೇ?"

ಮಕ್ಕಳು ಹೂಂ ಎಂದರೆ ಟೀಚರಮ್ಮನ ವಿಜ್ಞಾನದ ಪೀರಿಯಡ್ ಉಳಿಯುತ್ತದೆ. ಎರಡನೇ ಸಾಲಿನ ಜುಟ್ಟಿನ ಹುಡುಗಿ ಎದ್ದಳು.

"ಇಲ್ಲ ಸಾರ್. ಚೀಟಿ ತಪ್ಪು. ಇದು ಬೀರು ಒಳಗಿಂದು. ಬಿಸಿಲು ಕಂಡಿದ್ರೆ ಎಲೆ ಯಾಕೆ ಇಷ್ಟು ಹಳದಿ ಇರುತ್ತೆ?"

ಹೆಡ್ ಮಾಸ್ತರರು ಕಣ್ಣು ಬಿಟ್ಟರು. ಹುಡುಗಿ ಜಗ್ಗಲಿಲ್ಲ.

"ಮತ್ತೆ ಇಷ್ಟುದ್ದ?" ಇನ್‌ಸ್ಪೆಕ್ಟರ್ ಬಿಡಲಿಲ್ಲ.

"ಬೆಳಕು ಎಲ್ಲಿದೆ ಅಂತ ಹುಡುಕ್ತಾ ಹೋಗಿದೆ ಸಾರ್. ಉದ್ದ ಅಷ್ಟೇ, ಶಕ್ತಿ ಇಲ್ಲ. ಮುಟ್ಟಿ ನೋಡಿ, ಬಿದ್ದೋಗುತ್ತೆ."

"ಸತ್ತೋಗುತ್ತೆ ಅಂದಿದ್ವಿ ಸಾರ್, ನಾವು ಹೇಳಿದ್ದು ತಪ್ಪಾಯ್ತು!" ಎಂದು ಹಿಂದಿನಿಂದ ಇನ್ನೊಬ್ಬ ಬಹುಮಾನ ಬಂದವನಂತೆ ಬೀಗಿದ.

"ಇದನ್ನೆಲ್ಲ ಹೇಳಿಕೊಟ್ಟಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ಯಾರೂ ಇಲ್ಲ ಸಾರ್, ನಾವೇ ನೋಡಿದ್ವಿ!" ತರಗತಿ ಒಂದೇ ಕೊರಳಲ್ಲಿ ಕೂಗಿತು.

ಟೀಚರಮ್ಮನಿಗೆ ಆ ಕ್ಷಣ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇದಕ್ಕಿಂತ ದೊಡ್ಡ ಬಿರುದು ಯಾವ ಟೀಚರಿಗೆ ಸಿಕ್ಕೀತು! ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೆಡ್ ಮಾಸ್ತರರ ಕಡೆ ತಿರುಗಿ, "ಇವರಿಗೆ ಎಷ್ಟು ತರಗತಿಯ ವಿಜ್ಞಾನ ಕೊಟ್ಟಿದೀರಿ?" ಎಂದು ಕೇಳಿದರು.

ಹೆಡ್ ಮಾಸ್ತರರು ಬೆವರು ಒರೆಸಿಕೊಂಡರು. "ಎಲ್ಲಾ... ಎಲ್ಲಾ ತರಗತಿಗೂ ಇವರೇ ಸಾರ್, ನಾಳೆಯಿಂದ."