ತಮ್ಮನನ್ನು ಎದ್ದು ನಿಲ್ಲಿಸಿದವನು ನಾನು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಕೊಳ್ಳದಿದ್ದರೆ ಉಳಿದದ್ದನ್ನು ಬರೆಯಲು ಕೈ ಓಡುವುದಿಲ್ಲ. ಮಗನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಂದ ಕೂಸು. ಗುಂಡು ಮೋರೆ, ಕೆಳಗೆ ಎರಡು ಹಲ್ಲು, ನನ್ನ ಮೀಸೆ ಕಂಡರೆ ಸಾಕು ಎರಡೂ ಕೈ ಚಾಚುತ್ತಾಳೆ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಇಟ್ಟಿಗೆ ಹೊತ್ತು, ಗೋಡೆ ಕಟ್ಟುವ ಗೌಂಡಿಯಾದವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಅವಳ ಸುದ್ದಿ ಬಂದರೆ ಬಾಯಿ ನಿಲ್ಲುವುದಿಲ್ಲ. ಗುಡಗೇರಿ ಸಂತೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದೆ, "ನಮ್ಮ ಕೂಸು ನಿನ್ನೆ ತಾನ ಎದ್ದು ಕುಂತಿತು."

"ಹೌದ್ರೀ ಅಜ್ಜಾರ? ಅಕಿಗೂ ಒಂದು ಟಿಕೇಟ ಹರೀಲೇನು?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಹತ್ತು ಹನ್ನೆರಡು. ಹೆಂಚಿನ ಸಣ್ಣ ಚರ್ಚು. ನನಗೆ ಹೊಲವಿಲ್ಲ. ಮಕ್ಕಳಿಗೆ ಏನು ಬಿಟ್ಟು ಹೋಗುತ್ತೀ ಎಂದು ಯಾರಾದರೂ ಕೇಳಿದರೆ ಎದೆ ಉಬ್ಬಿಸಿ ಹೇಳುತ್ತಿದ್ದೆ: "ನಮ್ಮ ಮನೆಯವರು ಒಂದು ರವಿವಾರ ತಪ್ಪಿಸಿಲ್ಲ. ಬೇರೆ ಯಾವ ದೇವರ ಬಾಗಿಲಿಗೂ ಹೋಗಿಲ್ಲ. ಅದನ್ನೇ ಬಿಟ್ಟು ಹೋಗುತ್ತೇನೆ."

ಈ ಹೆಮ್ಮೆಗೆ ನಾನು ನನ್ನ ಒಡಹುಟ್ಟಿದ ತಮ್ಮನನ್ನು ಕೊಟ್ಟಿದ್ದೇನೆ.

ನಾವಿಬ್ಬರೂ ಹರೆಯದಲ್ಲಿದ್ದಾಗಿನ ಮಾತು. ತಮ್ಮನ ಮಗನಿಗೆ ಒಂದೂವರೆ ವರ್ಷ. ಜ್ವರ ಏರಿ ಸೆಳೆತ ಬಂದಿತ್ತು. ನೆರೆಮನೆಯ ಮುದುಕಿ ದ್ಯಾಮವ್ವನ ಗುಡಿಯಿಂದ ಅರಿಷಿಣ ಹಚ್ಚಿದ ದಾರ ತಂದು ಹುಡುಗನ ತೋಳಿಗೆ ಕಟ್ಟಿದ್ದಳು. ರವಿವಾರ ಆರಾಧನೆಯ ನಡುವೆ ಅಪ್ಪನ ತೊಡೆಯ ಮೇಲಿದ್ದ ಹುಡುಗನ ತೋಳು ಅಂಗಿಯಿಂದ ಹೊರಗೆ ಬಂತು. ದಾರ ಕಂಡದ್ದು ನನಗೆ. ಎದ್ದು ನಿಂತು ಎಲ್ಲರೆದುರು ಹೇಳಿದವನೂ ನಾನೇ. ಆರಾಧನೆ ನಡೆಸುತ್ತಿದ್ದ ಆಗಿನ ಸಭಾಪಾಲಕರು ಬಲು ಕಟ್ಟುನಿಟ್ಟು. ತಮ್ಮನನ್ನು ಮುಂದೆ ಕರೆದು ನಿಲ್ಲಿಸಿದರು. ಈಗಲೇ ಬಿಚ್ಚು ಎಂದರು.

"ಹುಡುಗ ಇನ್ನೂ ಆರಾಮಾಗಿಲ್ರಿ. ಅವನವ್ವ ಅಂಜ್ಯಾಳ. ಆರಾಮಾದ ಮ್ಯಾಲೆ ಬಿಚ್ಚತೀನ್ರಿ" ಎಂದ ತಮ್ಮ.

ನಾನು ನಿಂತಲ್ಲಿಂದಲೇ ಒದರಿದೆ: "ನಂಬಿಕಿ ಇಲ್ಲಂದ್ರ ಇಲ್ಲಿಗೆ ಯಾಕ ಬರ್ತೀಲೇ?"

ಅವನು ನನ್ನ ಮುಖ ನೋಡಿದ. ಹೆಂಡತಿಯನ್ನು ಕರೆದುಕೊಂಡು, ಹುಡುಗನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಮತ್ತೆ ಬರಲಿಲ್ಲ. ನಮ್ಮ ಅವ್ವನನ್ನು ಮಣ್ಣು ಮಾಡುವಾಗಲೂ ದೂರದ ಬೇವಿನ ಮರದ ಕೆಳಗೆ ನಿಂತಿದ್ದ. ಹುಡುಗ ಬದುಕಿದ, ಈಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನನ್ನನ್ನು ಸಭೆಯ ಹಿರಿಯನನ್ನಾಗಿ ಮಾಡಿದರು.

ಮೊಮ್ಮಗಳ ದೀಕ್ಷಾಸ್ನಾನ ಈಸ್ಟರ್ ಮುಗಿದ ಮರುವಾರ. ಚರ್ಚಿನ ಬಾಜೂ ಕೋಣೆಯಲ್ಲಿ ಸೊಸೆ ಕೂಸಿಗೆ ಬಿಳಿ ಅಂಗಿ ತೊಡಿಸುತ್ತಿದ್ದಳು. ನೋಡದೆ ಇರಲಾರದೆ ಒಳಗೆ ಹೋದೆ. ಕೂಸಿನ ತೋಳಿನಲ್ಲಿ ಅದೇ ಅರಿಷಿಣದ ದಾರ.

ಸೊಸೆಯ ಮುಖ ಬಿಳಚಿತು. ನನ್ನ ಹೆಂಡತಿ ನಡುವೆ ಬಂದಳು. "ಅಕಿನ್ನ ಹಂಗ ನೋಡಬ್ಯಾಡ್ರಿ. ಕಟ್ಟಿದಾಕಿ ನಾನು."

"ಯಾಕ?"

"ಹರಕಿ ಹೊತ್ತಿದ್ದೆ. ಒಂಬತ್ತು ವರ್ಷ ಯಾರು ಎಲ್ಲಿಗೆ ಹೋಗು ಅಂದ್ರ ಅಲ್ಲಿಗೆ ಹೋಗೇನಿ. ರವಿವಾರ ನಿಮ್ಮ ಬೆನ್ನಿಗೆ ಚರ್ಚಿಗೂ ಬಂದೇನಿ."

"ನನಗ ಒಂದು ಮಾತು ಹೇಳಲಿಲ್ಲಲ್ಲ!"

"ನಿಮಗ? ಆವತ್ತು ಮೈದುನಗ ಏನು ಮಾಡಿದ್ರಿ, ಕಣ್ಣಾರೆ ನೋಡೀನಲ್ಲ."

ಗಂಟೆ ಹೊಡೆಯಿತು. ನಾನು ಕೂಸಿನ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದೆ. "ಹೋಗೂಣು ನಡೀರಿ" ಎಂದೆ. ಇಷ್ಟು ವರ್ಷ ಮೆರೆಸಿದ ನನ್ನ ನಿಷ್ಠೆ ಆ ತೋಳಿನಷ್ಟೇ ಉದ್ದ ಇತ್ತು.

ಈಗಿನ ಸಭಾಪಾಲಕರು ಹರೆಯದವರು, ಹೊಸಬರು. ನಂಬಿಗಸ್ತ ಮನೆತನವೆಂದರೆ ಇವರದು, ನೋಡಿ ಕಲಿಯಿರಿ ಎಂದು ನನ್ನ ಕಡೆ ಕೈ ಮಾಡಿದರು. ಹಣೆಗೆ ನೀರು ಬಿದ್ದಾಗ ಕೂಸು ಸೀನಿತು, ಎಲ್ಲರೂ ನಕ್ಕರು. ಅಂಥ ಸಂತೋಷ ನನ್ನ ಜನ್ಮದಲ್ಲಿ ಕಂಡಿಲ್ಲ. ಅದೇ ಹೊತ್ತಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

ಮುಂದಿನ ರವಿವಾರ ತಮ್ಮ ನಿಂತಿದ್ದ ಜಾಗದಲ್ಲೇ ಹೋಗಿ ನಿಂತೆ. ಹಿರಿತನ ಕಸಿದುಕೊಳ್ಳಲಿ, ಹೊರಗೆ ಹಾಕಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಕೂಸಿನ ತೋಳಿನಲ್ಲಿ ದಾರ ಇತ್ತು, ಗೊತ್ತಿದ್ದೂ ಮುಚ್ಚಿದೆ ಎಂದೆ.

ಸಭಾಪಾಲಕರು ನಕ್ಕುಬಿಟ್ಟರು. "ಇರ್ಲಿ ಕೂಡ್ರಿ ಅಜ್ಜಾರ. ಮನ್ಯಾಗಿನವರು ಪ್ರೀತೀಲೆ ಕಟ್ಟಿರ್ತಾರ. ದೇವರಿಗೆ ಎಲ್ಲಾರ ಮನಸೂ ಗೊತ್ತೈತಿ."

"ಅಜ್ಜಗ ಮೊಮ್ಮಗಳ ಹುಚ್ಚು ತಲಿಗೇರೈತ್ರಿ" ಎಂದು ಹಿಂದಿನಿಂದ ಯಾರೋ ಅಂದರು. ನಗೆ ಎದ್ದಿತು. ತಮ್ಮನಿಗೆ ನಾನು ಮಾಡಿದ್ದನ್ನು ಹೇಳುವ ಮಾತು ನನ್ನ ನಾಲಿಗೆಯ ಮೇಲೇ ಉಳಿಯಿತು. ಹಾಡು ಶುರುವಾಯಿತು. ನಾನು ಕುಳಿತುಕೊಂಡೆ.

ಚರ್ಚಿನಿಂದ ನೆಟ್ಟಗೆ ತಮ್ಮನ ಮನೆಗೆ ಹೋದೆ. ಕಟ್ಟೆಯ ಮೇಲೆ ಮೆಣಸಿನಕಾಯಿ ಹರವಿಕೊಂಡು ತೊಟ್ಟು ಮುರಿಯುತ್ತಿದ್ದ.

"ಬರ್ರಿ ಗೌಂಡ್ಯಾರ. ಯಾರ ಗ್ವಾಡಿ ಬಿತ್ತು?"

ಎಲ್ಲ ಹೇಳಿದೆ. ಅವನ ಕೈ ನಿಲ್ಲಲಿಲ್ಲ.

"ನಿಂತು ಹೇಳಿದಿ?"

"ಹೂಂ."

"ಏನಂದ್ರು?"

"ಕೂಡ್ರಿ ಅಂದ್ರು."

"ನನಗ ಯಾರೂ ಕೂಡು ಅನ್ನಲಿಲ್ಲ." ಇನ್ನೊಂದು ತೊಟ್ಟು ಮುರಿದು ಕೇಳಿದ, "ಕೂಸಿಗೆ ಏನರ ಜಡ್ಡು ಬಂದಿತ್ತೇನು?"

"ಇಲ್ಲಪ್ಪ. ಗಟ್ಟಿ ಐತಿ."

"ಹಂಗಾದ್ರ ನಿನಗ ಇನ್ನೂ ತಿಳಿದಿಲ್ಲ ಬಿಡು. ಆವತ್ತು ನನ್ನ ಹುಡುಗನ ಕಣ್ಣು ಮ್ಯಾಲೆ ಹೋಗಿದ್ದುವು."

"ತಪ್ಪಾತೋ ತಮ್ಮಾ. ಚರ್ಚಿಗೆ ಬಾರೋ. ದೇವರ ಮ್ಯಾಲೆ ಸಿಟ್ಟು ಬ್ಯಾಡ."

ಆಗ ಅವನು ಕೈ ನಿಲ್ಲಿಸಿದ. "ದೇವರ ಸಂಗಾಟ ನಂದೇನು ಜಗಳ ಐತಿ? ಮುಂಜಾನೆ ಸಂಜೀಕೆ ಅವನ ಹೆಸರು ಹಿಡಿದು ಬದುಕೇನಿ. ನಿನ್ನ ಬಾಜೂಕ ಕುಂಡ್ರೂದು ನನಗ ಆಗೂದಿಲ್ಲ. ಅಷ್ಟ."

ಒಳಗಿನಿಂದ ಅವನ ಸೊಸೆ ಊಟಕ್ಕೆ ಕರೆದಳು. ತಮ್ಮ ಕೈ ಒರೆಸಿಕೊಂಡು ಎದ್ದು ಒಳಗೆ ಹೋದ. ಏಳು, ಒಂದು ರೊಟ್ಟಿ ತಿನ್ನು ಎಂದು ನನಗೆ ಹೇಳಲಿಲ್ಲ. ಹೊರಬಾಗಿಲು ಅರ್ಧ ತೆರೆದೇ ಇತ್ತು. ಟ್ರ್ಯಾಕ್ಟರ್ ಹೊಡೆಯುವ ಆ ಮಗ ಊಟದ ಮುಂದಿನ ಪ್ರಾರ್ಥನೆ ಹೇಳುತ್ತಿದ್ದ, ಅವನ ಇಬ್ಬರು ಮಕ್ಕಳು ಜೊತೆಗೂಡಿದರು. ತಡವರಿಕೆಯಿಲ್ಲ, ದಿನವೂ ಹೇಳಿ ರೂಢಿಯಾದ ಬಾಯಿಗಳು. ನನ್ನ ಮಗ ಮನೆಯಲ್ಲಿ ಹಾಗೆ ಬಾಯಿ ಬಿಟ್ಟು ಪ್ರಾರ್ಥಿಸಿದ್ದನ್ನು ನಾನು ಕೇಳಿಲ್ಲ. ಆಮೆನ್ ಎನ್ನುವವರೆಗೆ ಕಟ್ಟೆಯ ಮೇಲೆ ಟೊಪ್ಪಿಗೆ ತೆಗೆದು ನಿಂತಿದ್ದೆ. ಆಮೇಲೆ ತಾಟಿನ ಸಪ್ಪಳ ಶುರುವಾಯಿತು. ನಾನು ಇಳಿದು ಮನೆಗೆ ಬಂದೆ.