ಎಂಜಿನ್ನಿಗೆ ಹಚ್ಚಿದ ವಿಭೂತಿ

"ಅಜ್ಜೀ, ನಿನ್ನ ವಿಭೂತಿ ಗಟ್ಟಿ ಕೊಡಬೇ," ಎಂದಳು ಮೊಮ್ಮಗಳು ಗಿರಿಜಾ. ಅವಳ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಅಂಗಳದಲ್ಲಿ ಎಣ್ಣೆ ಸುರಿಸುತ್ತಿತ್ತು. ಎಲ್ಲಿಂದ ಎಂದು ತಿಳಿಯದು. ಎಂಜಿನ್ನೇ ಬಿಚ್ಚಬೇಕಾದರೆ ಆ ಖರ್ಚು ತಾಳದೆ ಕಾರು ಮಾರುವುದೇ ಗತಿ. ಪೂಜೆ ಇರಬೇಕೆಂದು ನಾನು ಬಾನೆಟ್ಟಿಗೆ ಮೂರು ಬೆರಳಿನ ಪಟ್ಟೆ ಎಳೆದೆ.

"ಪೂಜಿ ಅಲ್ಲಬೇ! ಒರಸಿದ ಎಂಜಿನ್ನಿಗೆ ಪುಡಿ ಹಚ್ಚೂದು. ಎಲ್ಲಿ ಹಸಿ ಆಕ್ಕೈತಿ, ಅಲ್ಲೇ ಸೋರಾಕತ್ತೈತಿ."

ಗಟ್ಟಿ ಪುಡಿಮಾಡಿ ಬಳಿದು ಕಾರು ಚಾಲೂ ಮಾಡಿದಳು. ಬೆಳಗಿನ ಮಂಜಿನಲ್ಲಿ ಬೆಳ್ಳಗಾದ ಎಂಜಿನ್ನು ನಿದ್ದೆಗಣ್ಣಿನ ಸ್ವಾಮಿಯಂತೆ ಗುನುಗುತ್ತಿತ್ತು. ನಾನು ಮೈಮರೆತು ನಿಂತೆ. ಮೇಲಿನ ಮುಚ್ಚಳದ ಅಂಚಿನಿಂದ ಕಪ್ಪು ಗೆರೆಯೊಂದು ಮೆಲ್ಲಗೆ ಇಳಿಯಿತು.

"ಬರೇ ಮುಚ್ಚಳದ ರಬ್ಬರ್ ಹೋಗೇತಿ! ಇನ್ನ ಮಾರೂದಿಲ್ಲ, ಅಜ್ಜೀ!"

ಈಗ ಸ್ನಾನವಾಗಿ ಹಣೆಗೆ ವಿಭೂತಿ ಹಚ್ಚಿದ ಮೇಲೆ ಕನ್ನಡಿ ಮುಂದೆ ತುಸು ಹೊತ್ತು ನಿಲ್ಲುತ್ತೇನೆ, ನಾನೆಲ್ಲಿ ಸೋರುತ್ತಿದ್ದೇನೆ ಎಂದು ನೋಡಲು. ಸದ್ಯಕ್ಕೆ ಹಣೆ ಒಣಗಿಯೇ ಇದೆ.