ಬೇಟೆಗೆ ಕರೆದೊಯ್ಯುವವನ ಗುಣನಡತೆ ವಿಚಾರಿಸಿದ್ದು

ಕುವೈತಿನಲ್ಲಿರುವ ಹುಡುಗನಿಗೆ ಮಂಗಳೂರಿನ ಕಡೆ ಹೆಣ್ಣು ನೋಡುತ್ತಿದ್ದಾರೆ ಎಂದರೆ ಹೆಣ್ಣಿನ ಮನೆಯವರ ಫೋನು ಮೊದಲು ಬರುತ್ತಿದ್ದದ್ದು ಅಲ್ಲಿಯ ಅಬು ಹಲೀಫಾದ ನಮ್ಮ ಮನೆಗೆ. ಹುಡುಗ ಹೇಗೆ, ಕುಡಿಯುತ್ತಾನೆಯೇ, ಹೇಳಿಕೊಂಡ ಕೆಲಸ ನಿಜವಾಗಿಯೂ ಇದೆಯೇ ಎಂದೆಲ್ಲ ವಿಚಾರಿಸಿ ಹೇಳುವ ಹೊಣೆ ಯಾರೂ ಹೊರಿಸದೆ ನನ್ನ ತಲೆಗೆ ಬಂದಿತ್ತು. ಹುಡುಗನೇ ಕೊಟ್ಟ ಹೆಸರುಗಳನ್ನು ನಾನು ನಂಬುತ್ತಿರಲಿಲ್ಲ. ಅವನ ಕಟ್ಟಡದ ಕಾವಲಿನವನನ್ನು, ಕೆಳಗಿನ ಬಕಾಲಾ, ಅಂದರೆ ದಿನಸಿ ಅಂಗಡಿಯವನನ್ನು ಮಾತಿಗೆಳೆಯುತ್ತಿದ್ದೆ.

ಈ ಕೆಲಸಕ್ಕೆ ಅದರದೇ ಒಂದು ಮರ್ಯಾದೆ ಇತ್ತು. ಹುಡುಗ ಸರಿಯಿಲ್ಲದಿದ್ದರೂ ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಸಂಬಂಧ ತಪ್ಪಿಸಿದ ಮಾತು ನಮ್ಮ ಮೇಲೆ ಬರಬಾರದು. ಅದಕ್ಕೆ, "ಹುಡುಗ ಹೇಗೆ?" ಎಂದು ಕೇಳಿದ ಕೂಡಲೇ ಹವೆಯ ಸುದ್ದಿ ತೆಗೆಯಬೇಕು. "ಇಲ್ಲಿ ಧೂಳು ಅಂದ್ರೆ ಧೂಳು ಮಾರಾಯ್ರೆ, ಕಿಟಕಿ ತೆಗೀಲಿಕ್ಕೇ ಇಲ್ಲ." ಊರಿನವರಿಗೆ ಅಷ್ಟು ಸಾಕು. "ಹೌದಾ, ಧೂಳಾ," ಎಂದು ಫೋನಿಟ್ಟು ಬೇರೆ ಹುಡುಗನನ್ನು ನೋಡಲು ಹೊರಡುತ್ತಿದ್ದರು.

ಇಂಥ ನನ್ನ ಎದುರು ಕುಳಿತು ಒಂದು ಶುಕ್ರವಾರ ನನ್ನ ಗಂಡ, ಆಫ್ರಿಕಾಕ್ಕೆ ಬೇಟೆಗೆ ಹೋಗುತ್ತೇನೆ ಎಂದರು. ಅವರ ಅಜ್ಜನಲ್ಲಿ ಒಂದು ಕೋವಿ ಇತ್ತಂತೆ, ಕಾಡುಹಂದಿ ಹೊಡೆಯುತ್ತಿದ್ದರಂತೆ, ಮೊಮ್ಮಗನಿಗೆ ಮುಟ್ಟಲಿಕ್ಕೂ ಬಿಡಲಿಲ್ಲವಂತೆ. ಊರಿನಲ್ಲಿ ಈಗ ಬೇಟೆ ಅಂದರೆ ಜೈಲು. ಆದರೆ ನಮೀಬಿಯಾದಲ್ಲಿ ಪರವಾನಗಿ ಕೊಡುತ್ತಾರೆ, ಅಲ್ಲಿಯೂ ಒಂದು ಜಾತಿಯ ಕಾಡುಹಂದಿ ಇದೆ ಎಂದು ಅವರ ಆಫೀಸಿನ ಕುವೈತಿ ಸಾಹೇಬ ತಲೆ ತುಂಬಿಸಿದ್ದ. ಅವನ ಜೊತೆ ವಾರವಾರ ಶೂಟಿಂಗ್ ರೇಂಜಿಗೆ ಹೋಗಿ ಇವರು ಗುರಿಗೆಂದು ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗಳನ್ನು ಹೊಡೆದು ಬರುತ್ತಿದ್ದರು. ಮನೆಯಲ್ಲಿ ಜಿರಳೆ ಕಂಡರೆ ಮಾತ್ರ ನನ್ನನ್ನು ಕರೆಯುತ್ತಿದ್ದರು.

ನಗುವ ವಿಷಯವಾಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಹಿಂದಿನ ವರ್ಷವಷ್ಟೇ ಅವರ ಎದೆಯೊಳಗೆ ಸ್ಟೆಂಟ್ ಕೂರಿಸಿದ್ದರು.

"ನನ್ನ ಇಕಾಮಾ ನಿಮ್ಮ ಇಕಾಮಾದ ಮೇಲೆ ನಿಂತದ್ದು. ಆ ಕಾಡಲ್ಲಿ ನಿಮಗೆ ಎಂತಾದ್ರೂ ಆದ್ರೆ ನನ್ನನ್ನು ಇಲ್ಲಿ ಯಾರು ಇಟ್ಕೊಳ್ತಾರೆ?" ಎಂದೆ. ಇಕಾಮಾ ಹೋದರೆ ಹೋಗಲಿ, ಅದು ಬರೀ ವಾಸದ ಪರವಾನಗಿ. ನನಗೆ ಹೆದರಿಕೆಯಾಗಿದ್ದದ್ದು ಅವರು ಹೋಗಿಬಿಟ್ಟರೆ ಎಂದು. ಅದನ್ನು ಹೇಳಲು ಬಾಯಿ ಬರಲಿಲ್ಲ.

"ನೀನೇ ವಿಚಾರಿಸು ಮಾರಾಯ್ತಿ," ಎಂದರು. "ಆ ಜನ ಸರಿ ಇಲ್ಲ ಅಂತ ನೀನು ಹೇಳಿದ್ರೆ ಖಲಾಸ್. ನಾನು ಮತ್ತೆ ಹೆಸರೆತ್ತುದಿಲ್ಲ."

ಆ ಜನ ಎಂದರೆ ಔಟ್‌ಫಿಟರ್. ಬೇಟೆಗೆ ಬಂದವರಿಗೆ ಬಿಡಾರ, ಊಟ, ಜೀಪು, ಹೆಜ್ಜೆ ಗುರುತು ಹಿಡಿಯುವವರು, ಕಾಗದಪತ್ರ ಎಲ್ಲವನ್ನೂ ಒದಗಿಸುವವನು. ಒಂದಲ್ಲ ಒಂದು ಹುಳುಕು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಿಂದ ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಮಗಳು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಟೈಪು ಮಾಡಿದಳು, ನಾನು ಹೇಳಿದೆ. ಬೇಲಿ ಹಾಕಿದ ಜಾಗವೋ ಬಯಲೋ? ಜೊತೆಗೆ ಬರುವುದು ನೀವೋ ಅಥವಾ ಕೂಲಿಗೆ ಹಿಡಿದ ಬೇರೆ ಯಾರೋ? ಆಸ್ಪತ್ರೆ ಎಷ್ಟು ದೂರ? ಅಡುಗೆ ಮಾಡುವುದು ಯಾರು? ನಿಮ್ಮ ತಂದೆ ಏನು ಮಾಡುತ್ತಿದ್ದರು? ನೀವು ಎಷ್ಟು ಜನ ಅಣ್ಣ ತಮ್ಮಂದಿರು?

"ಅಮ್ಮಾ, ಯು ಆರ್ ನಾಟ್ ಮ್ಯಾರಿಯಿಂಗ್ ಹಿಮ್," ಎಂದಳು ಮಗಳು.

"ನೀನು ಟೈಪ್ ಮಾಡು," ಎಂದೆ.

ಔಟ್‌ಫಿಟರ್ ಎಲ್ಲದಕ್ಕೂ ಉತ್ತರ ಬರೆದ. ತಂದೆ ಕುರಿ ಸಾಕುತ್ತಿದ್ದರು, ಒಬ್ಬ ತಮ್ಮ ಶಾಲೆಯಲ್ಲಿ ಮೇಷ್ಟ್ರು. ಹಿಂದೆ ಅವನ ಜೊತೆ ಬೇಟೆಗೆ ಹೋದವರ ಫೋನ್ ನಂಬರುಗಳನ್ನೂ ಕಳಿಸಿದ. ನಾನು ಫೋನು ಮಾಡಿ, ಬೇಟೆಗಾರರನ್ನು ಬಿಟ್ಟು ಅವರ ಹೆಂಡತಿಯರನ್ನು ಕೇಳಿದೆ. ಅಮೆರಿಕದ ಒಬ್ಬಾಕೆಯ ಗಂಡನಿಗೆ ವಾರವಿಡೀ ಕಾದರೂ ಏನೂ ಸಿಗಲಿಲ್ಲವಂತೆ. ಆದರೂ ಇವನು ಕೊನೆಯ ದಿನ ಸಿಕ್ಕಿದ್ದನ್ನು ಹೊಡೆದುಕೊಳ್ಳಿ ಎಂದು ಅವಸರ ಮಾಡಲಿಲ್ಲವಂತೆ. ಬರಿಗೈಯಲ್ಲಿ ಬಂದವನ ಹೆಂಡತಿಯೇ ಹೊಗಳಿದ ಮೇಲೆ ನಾನು ಹೇಳುವುದೇನು? ಕೊನೆಗೆ ಅವನ ಹತ್ತಿರದ ಊರಿನ ಪೆಟ್ರೋಲ್ ಬಂಕಿಗೂ ಫೋನು ಮಾಡಿ ಅವನು ಕುಡಿಯುತ್ತಾನೆಯೇ ಎಂದು ಕೇಳಿದೆ. ಭಾನುವಾರ ಒಂದು ಬಿಯರ್ ಎಂದರು. ನನ್ನ ಕೈಯಿಂದ ದಾಟಿಹೋದ ಹುಡುಗರಲ್ಲಿ ಇಷ್ಟು ಶುದ್ಧನಾದವನನ್ನು ನಾನು ನೋಡಿರಲಿಲ್ಲ. ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಅವನಿಂದಲೇ ಒಂದು ಮೇಲ್ ಬಂತು. ಬರುವವರ ಬಗ್ಗೆ ತಾನೂ ವಿಚಾರಿಸುತ್ತೇನೆ, ಬೇಟೆಗಾರನನ್ನು ಚೆನ್ನಾಗಿ ಬಲ್ಲ ಒಬ್ಬರ ನಂಬರು ಬೇಕು ಎಂದು. ನನ್ನ ಗಂಡ ಬೇರೆ ಯಾರೂ ಸಿಗದವರ ಹಾಗೆ ನನ್ನ ನಂಬರು ಕೊಟ್ಟರು.

ಅವನ ಫೋನು ಬಂದಾಗ ನಾನು ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದೆ. ನನಗೆ ಒಳಗೊಳಗೇ ಖುಷಿ. ಔಟ್‌ಫಿಟರ್‌ನಲ್ಲಿ ಹುಳುಕು ಸಿಗದಿದ್ದರೇನು, ಬೇಟೆಗಾರನಲ್ಲಿ ತೋರಿಸಿದರಾಯಿತು.

"ನಿಮ್ಮ ಗಂಡ ಹೇಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು, "ಇಲ್ಲಿ ಬಹಳ ಧೂಳು," ಎಂದೆ.

"ಹೌದೇ?" ಎಂದು ಅವನು ಉತ್ಸಾಹದಿಂದ ಶುರುಮಾಡಿದ. ಅವನಲ್ಲಿಯೂ ಧೂಳಂತೆ. ಈ ಸಲ ಮಳೆ ಕಡಿಮೆಯಂತೆ, ಹುಲ್ಲು ಒಣಗಿದೆಯಂತೆ. ನಾನು ಸೆಕೆಯ ಸುದ್ದಿ ತೆಗೆದೆ, ಅವನು ಬೆಳಗಿನ ಚಳಿಯ ಸುದ್ದಿ ತೆಗೆದ. ಊರಿನ ಯಾವ ಹೆಣ್ಣಿನ ತಂದೆಯಾದರೂ ಇಷ್ಟರಲ್ಲಿ ಫೋನಿಟ್ಟು ಬಾಳೆಎಲೆ ಅಡ್ವಾನ್ಸ್ ವಾಪಸು ತರಲು ಹೋಗುತ್ತಿದ್ದ. ಇವನಿಗೆ ಏನೂ ನಾಟಲಿಲ್ಲ.

ಕೊನೆಗೆ ಅವನೇ ಕೇಳಿದ: "ನನಗೆ ಒಂದೇ ವಿಷಯ ತಿಳಿಯಬೇಕು. ನಿಲ್ಲು ಎಂದರೆ ನಿಲ್ಲುವ ಮನುಷ್ಯನೇ ಅವರು? ಕೋವಿ ಕೈಗೆ ಬಂದ ಮೇಲೆ ಕೆಲವರು ಯಾರ ಮಾತನ್ನೂ ಕೇಳುವುದಿಲ್ಲ."

ನನಗೆ ಸಿಟ್ಟು ಬಂತು. ಇವನು ಯಾರು ನನ್ನ ಗಂಡನ ಮೇಲೆ ಅನುಮಾನ ಪಡಲಿಕ್ಕೆ? ವಿಚಾರಿಸುವ ಮರ್ಯಾದೆಯೆಲ್ಲ ಮರೆತುಹೋಯಿತು. ಡಾಕ್ಟರು ಸಿಗರೇಟು ಬಿಡಿ ಎಂದ ದಿನವೇ ಆಸ್ಪತ್ರೆಯ ಬಾಗಿಲಲ್ಲಿ ಪ್ಯಾಕು ಬಿಸಾಡಿ ಬಂದವರು, ಇವತ್ತಿನವರೆಗೆ ಮತ್ತೆ ಮುಟ್ಟಿಲ್ಲ ಎಂದೆ. ನನ್ನ ಅಮ್ಮ ಹಾಸಿಗೆ ಹಿಡಿದಾಗ ರಜೆ ಹಾಕಿ ಊರಿಗೆ ಬಂದು ಅವರ ಕಾಲು ಒತ್ತಿದವರು ಎಂದೆ. ಅಂಥವರು ಸಿಗಬೇಕಾದರೆ ನೀವು ಪುಣ್ಯ ಮಾಡಿರಬೇಕು ಎಂದೂ ಹೇಳಿದೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ನನ್ನ ಕೈಯಾರೆ ಸಂಬಂಧ ಕುದುರಿಸಿಬಿಟ್ಟಿದ್ದೆ.

ಅವನು, "ಡಾಕ್ಟರ್ ಎಂದಿರಿ. ಯಾವ ಡಾಕ್ಟರ್?" ಎಂದ. ಸ್ಟೆಂಟಿನ ವಿಷಯವನ್ನು ಮಹಾರಾಯರು ಅವನಿಗೆ ಬರೆದೇ ಇರಲಿಲ್ಲ. ನಾನು ಎಲ್ಲ ಹೇಳಿದೆ, ಮಾತ್ರೆಗಳ ಹೆಸರು ಸಹಿತ. ಬೇಡ ಎನ್ನುತ್ತಾನೆ ಎಂದು ಕಾದೆ. ಅವನು ಬೇಡ ಎನ್ನಲಿಲ್ಲ. ಗುಡ್ಡ ಹತ್ತಿಸುವುದಿಲ್ಲ, ನೀರಿನ ಹೊಂಡದ ಬಳಿ ಮರೆಯಲ್ಲಿ ಕೂರಿಸುತ್ತೇನೆ, ಹೊರಡುವ ಮೊದಲು ಹೃದಯದ ಡಾಕ್ಟರು ಒಪ್ಪಿ ಬರೆದುಕೊಡಬೇಕು ಎಂದ. ಹೆಂಡತಿಯರನ್ನು ಕೇಳದೆ ತಾನು ಯಾರನ್ನೂ ಕರೆಸಿಕೊಳ್ಳುವುದಿಲ್ಲವಂತೆ. ನನ್ನ ಕಸುಬಿನವನೇ.

ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಗಂಡ ನಿಂತಿದ್ದರು.

"ಇಷ್ಟು ವರ್ಷದಲ್ಲಿ ನನಗೊಂದು ಸಲ ಇದನ್ನು ಹೇಳ್ಲಿಲ್ಲ ನೀನು," ಎಂದರು.

"ನೀವು ವಿಚಾರಿಸ್ಲಿಲ್ಲ," ಎಂದೆ.

ಡಾಕ್ಟರು ಒಪ್ಪಿದರು. ಇವರು ಹೋದರು. ಅಲ್ಲಿಂದ ಫೋನು ಬಂದಾಗ ನಾನು ಬಾಲ್ಕನಿಯಲ್ಲಿದ್ದೆ. ಆಕಾಶ ತೊಳೆದಿಟ್ಟ ಹಾಗಿತ್ತು, ಸಮುದ್ರದಲ್ಲಿ ದೂರ ನಿಂತ ಹಡಗುಗಳು ಕೂಡ ಕಾಣುತ್ತಿದ್ದವು.

"ಹೇಗಿದ್ದಿ?" ಎಂದು ಕೇಳಿದರು.

"ಇಲ್ಲಿ ಧೂಳು ಅಂದ್ರೆ ಧೂಳು," ಎಂದೆ. "ಕಿಟಕಿ ತೆಗೀಲಿಕ್ಕೇ ಇಲ್ಲ."

ಅವರೂ ಮಂಗಳೂರಿನವರೇ.

"ನಾಡಿದ್ದು ಬರ್ತೇನಲ್ಲ ಮಾರಾಯ್ತಿ," ಎಂದರು.

ಹಂದಿ ಸಿಕ್ಕಿತೋ ಇಲ್ಲವೋ ಎಂದು ಕೇಳಬೇಕಿತ್ತು ಎಂಬುದು ಫೋನಿಟ್ಟ ಮೇಲೆ ನೆನಪಾಯಿತು.